ಎರಡೂವರೆ ತಾಸಿನ ನೀರಡಿಕೆ

ಯಾರಾದರೂ ತಮಗಾದ ವಿಚಿತ್ರ ಅನುಭವದ ಮಾತು ತೆಗೆದರೆ ಮೆಲ್ಲಗೆ ಎದ್ದು ಹೋಗುವ ಜಾತಿ ನನ್ನದು. ಹುಟ್ಟಿ ಬೆಳೆದದ್ದು ಅಕ್ಕಲಕೋಟೆಯಲ್ಲಿ. ಮೈಮೇಲೆ ಬಂದವರು, ಮಾಟವಾಗಿದೆ ಎನ್ನುವವರು, ಹೆಸರಿಲ್ಲದ ಕಾಯಿಲೆಯವರು ಎಲ್ಲೆಲ್ಲಿಂದಲೋ ನಮ್ಮ ಊರಿನ ಸ್ವಾಮಿಗಳ ಮಠಕ್ಕೆ ಬರುತ್ತಿದ್ದರು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆ ಅವರು ಹೇಳಿದ್ದನ್ನೆಲ್ಲ ನಂಬುತ್ತಿದ್ದರು. ನಾನು ಒಂದನ್ನೂ ನಂಬುತ್ತಿರಲಿಲ್ಲ. ಮುಂದೆ ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆದಮೇಲಂತೂ ಗಾಜಿನ ನಳಿಕೆಯಲ್ಲಿ ಕಾಣದ್ದು ಇಲ್ಲವೇ ಇಲ್ಲ ಎನ್ನುವಷ್ಟು ಗಟ್ಟಿಯಾಗಿದ್ದೆ. ಈಗ ಹೇಳಹೊರಟಿರುವುದು ನಡೆದದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ಹಾಡುಹಗಲು, ಅದೇ ಗಾಜಿನ ನಳಿಕೆಗಳ ಎದುರಿಗೆ. ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಇಂದುಬಾಯಿ ಎಂಬಾಕೆ ನಮ್ಮಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತೈದರ ಆಸುಪಾಸು. ತವರು ಅಕ್ಕಲಕೋಟೆ ತಾಲ್ಲೂಕಿನ ಹನ್ನೂರ. ಗಂಡ ಮಾರುತಿ ಸೊಲ್ಲಾಪುರದ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಇವಳು ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಿದ್ದಳು. ನಮ್ಮಲ್ಲಿಗೆ ಬರುವ ಎಂಟು ತಿಂಗಳ ಮುಂಚೆ ಅವರಿದ್ದ ಸಾಲುಮನೆಗಳ ಚಾಳಿನ ಮೆಟ್ಟಿಲಿನ ಮೇಲೆ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತು. ಗಾಯ ಹದಿನೈದು ದಿನದಲ್ಲಿ ಮಾಯಿತು. ಆದರೆ ಅದರ ಹಿಂದೆಯೇ ನೀರಡಿಕೆ ಶುರುವಾಯಿತು. ದಿನಕ್ಕೆ ಒಂದು ಕೊಡ ನೀರು ಒಬ್ಬಳೇ ಕುಡಿಯುತ್ತಿದ್ದಳು. ಕುಡಿದದ್ದು ಕುಡಿದಷ್ಟೇ ಹೊರಗೆ ಹೋಗುತ್ತಿತ್ತು. ಮತ್ತೆ ನಾಲಿಗೆ ಒಣಗುತ್ತಿತ್ತು, ಮತ್ತೆ ಕುಡಿಯಬೇಕು. ಎಂಟು ತಿಂಗಳಲ್ಲಿ ಒಂದು ರಾತ್ರಿಯೂ ಅವಳು ಎರಡು ತಾಸು ಸತತ ಮಲಗಿರಲಿಲ್ಲ.

ಅವರ ಚಾಳಿನ ನಳಕ್ಕೆ ಬೆಳಿಗ್ಗೆ ಅರ್ಧ ತಾಸು ನೀರು ಬಂದರೆ ಪುಣ್ಯ. ಹನ್ನೆರಡು ಮನೆಗಳ ಕೊಡಗಳು ಸಾಲಾಗಿ ಕಾಯುವ ಜಾಗದಲ್ಲಿ ಒಂದು ಹೆಂಗಸು ಒಂದು ಕೊಡವನ್ನು ಕುಡಿದೇ ಖಾಲಿ ಮಾಡಿದರೆ ಯಾರು ಸಹಿಸುತ್ತಾರೆ? ಅತ್ತೆ ನೀರಿನ ಹಂಡೆಯಿದ್ದ ಕೋಣೆಗೆ ಬೀಗ ಹಾಕಿದಳು. ಇಂದುಬಾಯಿ ಬಚ್ಚಲಿನ ನೀರು ಕುಡಿದಳು. ಒಮ್ಮೆ ಎಮ್ಮೆಗಳಿಗಿಟ್ಟ ಬಾನಿಗೆ ಬಾಯಿ ಹಾಕಿದಳು. ಅದನ್ನು ಕಂಡವರು, ನೀರಿಲ್ಲದೆ ಸತ್ತ ಯಾವಳೋ ಇವಳ ಮೈಯಲ್ಲಿ ಸೇರಿದ್ದಾಳೆ ಎಂದರು. ಮಂತ್ರ, ತಾಯಿತ, ಬೇವಿನ ಹೊಡೆತ ಎಲ್ಲ ಆಯಿತು. ಕೊನೆಗೆ ಗಂಡನ ಮನೆಯವರು ಒಂದು ಮಾತಿಗೆ ಬಂದಿದ್ದರು: ದವಾಖಾನೆಯವರು ಇದು ಕಾಯಿಲೆ ಎಂದು ಬರೆದುಕೊಟ್ಟರೆ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ಹನ್ನೂರಿಗೆ ಬಿಟ್ಟು ಬರುತ್ತೇವೆ.

ನಾನು ಅವಳ ಮೂತ್ರ ಪರೀಕ್ಷೆ ಮಾಡಿದೆ. ಸಕ್ಕರೆ ಇರಲಿಲ್ಲ. ಬಣ್ಣವೂ ಇರಲಿಲ್ಲ, ನಳದಿಂದ ಹಿಡಿದ ನೀರಿನ ಹಾಗಿತ್ತು. ನಮ್ಮಲ್ಲಿ ಮೂತ್ರದ ಗಟ್ಟಿತನ ಅಳೆಯುವ ಒಂದು ಗಾಜಿನ ತೇಲುಬುರುಡೆ ಇರುತ್ತದೆ. ಬರೀ ನೀರಿನಲ್ಲಿ ಬಿಟ್ಟರೆ ಅದು 1000 ತೋರಿಸುತ್ತದೆ. ಆರೋಗ್ಯವಂತ ಮನುಷ್ಯ ಅರ್ಧ ದಿನ ನೀರು ಕುಡಿಯದಿದ್ದರೆ 1020 ದಾಟುತ್ತದೆ. ಇವಳದು 1002.

ನಮ್ಮ ಡಾಕ್ಟರು ಪುಣೆಯಲ್ಲಿ ಕಲಿತವರು, ಮರಾಠಿಯವರು, ಮಾತು ಕಡಿಮೆ. ಅವರು ನನಗೆ ತಿಳಿಸಿ ಹೇಳಿದರು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಮೈಯಲ್ಲಿ ನೀರು ಕಡಿಮೆಯಾದ ಕೂಡಲೇ ಅಲ್ಲಿಂದ ಒಂದು ಹಾರ್ಮೋನು ರಕ್ತಕ್ಕೆ ಇಳಿದು, ಮೂತ್ರಪಿಂಡಕ್ಕೆ ಹೋಗಿ, ನೀರನ್ನು ಹಿಡಿದುಕೋ ಎನ್ನುತ್ತದೆ. ಮೂತ್ರಪಿಂಡ ಸೋಸಿದ ನೀರಿನ ಬಹುಪಾಲನ್ನು ಆಗ ಮೈಗೆ ಹಿಂದಿರುಗಿಸುತ್ತದೆ. ಆ ಹಾರ್ಮೋನು ಬರದಿದ್ದರೆ ನೀರು ನಿಲ್ಲುವುದಿಲ್ಲ. ತಲೆಯ ಪೆಟ್ಟಿನಿಂದ ಇವಳಿಗೆ ಹಾಗೆ ಆಗಿರಬಹುದು. ಇದಕ್ಕೆ ಡಯಾಬಿಟಿಸ್ ಇನ್ಸಿಪಿಡಸ್ ಎನ್ನುತ್ತಾರೆ, ಸಕ್ಕರೆ ಕಾಯಿಲೆಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಆದರೆ ಮನಸ್ಸಿನ ತೊಂದರೆಯಿಂದ ನೀರು ಕುಡಿಯುವವರೂ ಇರುತ್ತಾರೆ. ಅಂಥವರಿಗೆ ಆ ಹಾರ್ಮೋನಿನ ಇಂಜೆಕ್ಷನ್ ಕೊಟ್ಟರೆ ನೀರು ಮೈಯಲ್ಲೇ ನಿಂತು ಪ್ರಾಣಕ್ಕೆ ಬರುತ್ತದೆ. ಹಾಗಾಗಿ ಮೊದಲು ಪರೀಕ್ಷೆ ಆಗಲೇಬೇಕು. ಬೆಳಿಗ್ಗೆಯಿಂದ ನೀರು ನಿಲ್ಲಿಸಿ, ತಾಸಿಗೊಮ್ಮೆ ತೂಕ ಮತ್ತು ಮೂತ್ರ ನೋಡುವುದು. ನೀರಿಲ್ಲದಿದ್ದರೂ ಮೂತ್ರ ತೆಳ್ಳಗೇ ಇದ್ದರೆ, ಇಂಜೆಕ್ಷನ್ ಕೊಟ್ಟ ಮೇಲೆ ಗಟ್ಟಿಯಾದರೆ, ಕಾಯಿಲೆ ಖಾತ್ರಿ. ತೂಕ ಎರಡು ಕಿಲೋ ಇಳಿದರೆ ತಕ್ಷಣ ನಿಲ್ಲಿಸಬೇಕು.

ಮೊದಲನೆಯ ಸಲ ಪರೀಕ್ಷೆ ಕೆಟ್ಟಿತು. ಎರಡೂವರೆ ತಾಸಿಗೆ ಇಂದುಬಾಯಿ ಎದ್ದು ಓಡಿ ಕೈತೊಳೆಯುವ ನಳಕ್ಕೆ ಬಾಯಿ ಹಚ್ಚಿದಳು. ಡಾಕ್ಟರು ಬೇಸರಪಟ್ಟು, ಇನ್ನೊಂದೇ ಅವಕಾಶ ಎಂದರು. ಅವಳನ್ನು ಒಪ್ಪಿಸುವ ಕೆಲಸ ಕನ್ನಡ ಬರುವ ನನ್ನ ಪಾಲಿಗೆ ಬಂತು.

"ನನಗ ನೀರ ಕೊಡಬ್ಯಾಡ್ರಿ ಅಂತ ಎಲ್ಲಾರೂ ಹೇಳ್ಯಾರ್ರಿ ಸಾಹೇಬ್ರ," ಎಂದಳು ಅವಳು. "ನೀವೂ ಅದನ್ನ ಹೇಳಾಕತ್ತೀರಿ. ಮತ್ತ ನಿಮಗೂ ಅವರಿಗೂ ಫರಕ ಏನದ?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ನಾಳಿ ನಾನೂ ಕುಡಿಯೂದಿಲ್ಲ ತಂಗಿ. ನೀ ಕುಡಿಯೂ ತನಕಾ ಒಂದ ಹನಿ ಬಾಯಾಗ ಹಾಕೂದಿಲ್ಲ. ನಿಂದೂ ಅಳಿತೀನಿ, ನಂದೂ ಅಳಿತೀನಿ. ಎರಡೂ ಬಾಜೂಕ ಬಾಜೂಕ ಬರದ್ರ ಜಡ್ಡ ಯಾರಿಗದ ಅಂತ ಸಾಫ್ ಕಾಣ್ತದ."

ಅವಳು ನನ್ನ ಮುಖ ನೋಡಿದಳು. "ಹಂಗಾರ ಆತ್ರಿ, ಅಣ್ಣಾ. ಸತ್ರೂ ಕುಡಿಯೂದಿಲ್ಲ."

ಮರುದಿನ ಬೆಳಿಗ್ಗೆ ಆರಕ್ಕೆ ಲ್ಯಾಬಿನ ಪಕ್ಕದ ಕೋಣೆಯಲ್ಲಿ ಶುರು ಮಾಡಿದೆವು. ಜೊತೆಗೆ ನರ್ಸ್ ಸುಶೀಲಾ ಸಿಸ್ಟರ್ ಇದ್ದರು. ಐವತ್ತು ದಾಟಿದವರು, ಯಾರಿಗೂ ಸೊಪ್ಪು ಹಾಕುವವರಲ್ಲ. ಇಂದುಬಾಯಿಯ ಬಾಟಲಿಯ ಜವಾಬ್ದಾರಿ ಅವರದು, ಅಳೆಯುವುದು ನನ್ನದು. ಇಂದುಬಾಯಿಯ ತೂಕ ನಲವತ್ತೊಂದು ಕಿಲೋ, ನನ್ನದು ಐವತ್ತಾರು. ನಾನು ಕೊನೆಗೆ ನೀರು ಕುಡಿದದ್ದು ಹಿಂದಿನ ರಾತ್ರಿಯ ಊಟದ ಹೊತ್ತಿಗೆ. ಬೆಳಿಗ್ಗೆಯ ಚಹಾ ಸಹ ಬಿಟ್ಟಿದ್ದೆ.

ಹತ್ತರವರೆಗೆ ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೆ ನಡೆಯಿತು. ನನ್ನದು ಪ್ರತಿ ಸಲ ಅರ್ಧ ಲೋಟವೂ ಇಲ್ಲ, ಗಾಢ ಹಳದಿ, 1022, ಆಮೇಲೆ 1025. ಅವಳದು ತಾಸಿಗೆ ಕಾಲು ಲೀಟರಿನ ಮೇಲೆ, 1002, ಮತ್ತೆ 1002. ಹನ್ನೊಂದಕ್ಕೆ ಅವಳು ಒಂದೂವರೆ ಕಿಲೋ ಇಳಿದಿದ್ದಳು. ತುಟಿ ಸೀಳಿತ್ತು. ನಾಲಿಗೆ ಅಂಗುಳಿಗೆ ಅಂಟಿ ಮಾತು ಹೊರಡುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು, ಎರಡೂ ಕೈಯಿಂದ ಸೆರಗಿನ ತುದಿ ಹಿಂಡುತ್ತಿದ್ದಳು. ಸಿಸ್ಟರ್ ಕಣ್ಣಲ್ಲೇ ನನ್ನನ್ನು ಕೇಳಿದರು, ಸಾಕು ಮಾಡೋಣವೇ ಎಂದು. ಇಂದುಬಾಯಿ ಅದನ್ನು ಕಂಡು ಬೇಡವೆಂದು ಜೋರಾಗಿ ತಲೆ ಅಲ್ಲಾಡಿಸಿದಳು. ಅಷ್ಟು ಹಟ ನಾನು ಬೇರೆ ರೋಗಿಯಲ್ಲಿ ಕಂಡಿಲ್ಲ. ಈ ನೀರಡಿಕೆ ಹೇಗಾದರೂ ತೀರಲಿ, ಇವಳಿಗೆ ತೀರಲಿ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ನೆನಪಿದೆ. ಯಾವ ದೇವರಿಗೂ ಹೇಳಿಕೊಂಡದ್ದಲ್ಲ. ಸುಮ್ಮನೆ ಅಂದುಕೊಂಡೆ.

ಹನ್ನೊಂದೂ ಕಾಲಿನ ಸುಮಾರಿಗೆ ಅವಳ ಕೈ ಸೆರಗನ್ನು ಬಿಟ್ಟಿತು. ಕಣ್ಣು ತೆರೆದು, ನಿಚ್ಚಳ ದನಿಯಲ್ಲಿ, "ಅಣ್ಣಾ, ನೀರಡಿಕಿ ಹೋತ್ರಿ," ಎಂದಳು.

ಜ್ಞಾನ ತಪ್ಪುತ್ತಿದ್ದಾಳೆ ಎಂದು ಹೆದರಿ ನಾನು ಎದ್ದೆ. ಸಿಸ್ಟರ್ ನಾಡಿ ಹಿಡಿದರು, ಸರಿಯಾಗಿತ್ತು. ಅವಳು ಕೂತಲ್ಲೇ ಕಣ್ಣು ಮುಚ್ಚಿ ನಿದ್ದೆಹೋದಳು, ದಣಿದ ಮಗು ಮಲಗುವ ಹಾಗೆ. ಉತ್ತರ ಕೊಡಬೇಕೆಂದು ನಾನು ಬಾಯಿ ತೆರೆದರೆ ನಾಲಿಗೆ ಏಳಲಿಲ್ಲ. ಬಾಯಿಯೊಳಗೆ ಒಂದು ಚೂರೂ ಪಸೆ ಇರಲಿಲ್ಲ.

ಆ ನೀರಡಿಕೆ ಹೇಗಿತ್ತೆಂದು ಹೇಳಲು ಪ್ರಯತ್ನಿಸುತ್ತೇನೆ. ಸೊಲ್ಲಾಪುರದ ಬೇಸಿಗೆ ಕಂಡವನು ನಾನು. ಬಿಸಿಲಿನ ದಾಹ ಗೊತ್ತು. ಅದು ಗಂಟಲಿನಲ್ಲಿ ಇರುತ್ತದೆ, ತಡೆದುಕೊಳ್ಳಬಹುದು. ಇದು ಗಂಟಲಿನದಲ್ಲ. ಮೈಯ ಪ್ರತಿಯೊಂದು ಮೂಲೆಯೂ ಒಟ್ಟಿಗೆ ನೀರು ಕೇಳುತ್ತಿತ್ತು. ಹೊರಗೆ ವರಾಂಡ ಒರೆಸುತ್ತಿದ್ದರು. ಒದ್ದೆ ನೆಲದ ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬರಬೇಕಿತ್ತು, ಬರಲಿಲ್ಲ. ಇದು ಮನಸ್ಸಿನ ಆಟ, ಅವಳನ್ನು ನೋಡಿ ನೋಡಿ ನನಗೂ ಹಾಗನ್ನಿಸುತ್ತಿದೆ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಅಷ್ಟರಲ್ಲಿ ಮೂತ್ರಕ್ಕೆ ಅವಸರವಾಯಿತು. ಹೋಗಿ ಬಂದೆ. ಬಾಟಲಿಯಲ್ಲಿ ಅರ್ಧ ಲೀಟರಿಗಿಂತ ಹೆಚ್ಚಿತ್ತು, ತಿಳಿ ನೀರಿನ ಹಾಗೆ.

ಅಳೆದೆ: 1002. ತೇಲುಬುರುಡೆ ಕೆಟ್ಟಿದೆ ಎಂದುಕೊಂಡು ಅದನ್ನು ತೊಳೆದು ಡಿಸ್ಟಿಲ್ಡ್ ವಾಟರಿನಲ್ಲಿ ಬಿಟ್ಟೆ: 1000, ಸರಿಯಾಗಿತ್ತು. ಮತ್ತೆ ಅಳೆದೆ: 1002. ಹಿಂದಿನ ದಿನದಿಂದ ಹನಿ ನೀರು ಕುಡಿಯದ ಮನುಷ್ಯನ ಮೈಯಿಂದ ಇಷ್ಟು ನೀರು ಹೀಗೆ ಬರಲು ಸಾಧ್ಯವಿಲ್ಲ. ಹನ್ನೆರಡಕ್ಕೆ ಸಿಸ್ಟರ್ ಇಂದುಬಾಯಿಯನ್ನು ಎಬ್ಬಿಸಿ ಕರೆದುಕೊಂಡು ಹೋಗಿ ಬಂದರು. ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು, ಹಳದಿ. 1019.

"ಸಿಸ್ಟರ್, ಬಾಟ್ಲಿ ಅದಲಾಬದಲ ಆಗ್ಯಾವೇನ್ರಿ?" ಎಂದೆ. ದನಿ ನನ್ನದೇ ಅಲ್ಲವೇನೋ ಎನ್ನುವ ಹಾಗೆ ಒರಟಾಗಿತ್ತು.

"ನನ್ನ ಕೈಯಾಗಿಂದು ನಾ ಇನ್ನಾ ಕೆಳಗ ಇಟ್ಟಿಲ್ಲ," ಎಂದರು ಅವರು. ಆಮೇಲೆ ನನ್ನನ್ನು ದಿಟ್ಟಿಸಿ ನೋಡಿ, "ನಿಮ್ಮ ತುಟಿ ಯಾಕ ಹಿಂಗಾಗ್ಯಾವ?" ಎಂದರು.

ನಾನು ತಕ್ಕಡಿಯ ಮೇಲೆ ನಿಂತೆ. ಹನ್ನೊಂದಕ್ಕೆ ಐವತ್ತೈದೂವರೆ ಇದ್ದವನು ಐವತ್ತೈದಕ್ಕೆ ಇಳಿದಿದ್ದೆ. ಇಂದುಬಾಯಿ ನಿಂತಾಗ ತಕ್ಕಡಿಯ ಮುಳ್ಳು ಹನ್ನೊಂದು ಗಂಟೆಗೆ ಎಲ್ಲಿತ್ತೋ ಅಲ್ಲೇ ನಿಂತಿತು.

ನೀರು ಕುಡಿಯಲು ನನ್ನನ್ನು ಯಾರೂ ಹಿಡಿದಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ನಾನು ರೋಗಿಯಲ್ಲ. ಮೇಜಿನ ಮೇಲೆಯೇ ಡಿಸ್ಟಿಲ್ಡ್ ವಾಟರಿನ ದೊಡ್ಡ ಬಾಟಲಿ ಇತ್ತು. ಎರಡು ಸಲ ಅದರ ಮುಚ್ಚಳದ ಮೇಲೆ ಕೈಯಿಟ್ಟೆ. ಆದರೆ ಕೊಟ್ಟ ಮಾತಿತ್ತು. ಅದಕ್ಕಿಂತ ಹೆಚ್ಚಾಗಿ, ಎಂಟು ತಿಂಗಳು ಹೀಗೆ ಬದುಕಿದವಳು ಎದುರಿಗೆ ಕೂತಿರುವಾಗ ಎರಡು ತಾಸು ನನ್ನಿಂದ ಆಗುವುದಿಲ್ಲವೇ ಎಂಬ ಛಲ ಹುಟ್ಟಿತು. ಲೆಕ್ಕ ತಪ್ಪಿದರೆ ಮತ್ತೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ಅವಳಿಗೆ ಹನ್ನೂರ. ಕುರ್ಚಿಯನ್ನು ಬಾಟಲಿಗೆ ಬೆನ್ನು ಮಾಡಿ ತಿರುಗಿಸಿಕೊಂಡು ಕೂತೆ. ಮಧ್ಯಾಹ್ನ ಒಂದು ಗಂಟೆಯ ಅಳತೆಯನ್ನು ನಾನು ಮುಟ್ಟಲೇ ಇಲ್ಲ; ಸಿಸ್ಟರ್ ಕೈಯಿಂದಲೇ ಮಾಡಿಸಿದೆ. ಚೀಟಿ ಅಂಟಿಸಿದ್ದೂ ಅವರೇ, ಓದಿದ್ದೂ ಅವರೇ. ಅವಳದು 1020. ನನ್ನದು ಮತ್ತೆ ಅರ್ಧ ಲೀಟರು, 1002. ಓದಿ ಮುಗಿಸಿ ಸಿಸ್ಟರ್ ಎದೆಯ ಮೇಲೆ ಒಮ್ಮೆ ಕೈಯಿಟ್ಟುಕೊಂಡರು.

ಒಂದೂವರೆಗೆ ಡಾಕ್ಟರು ಬಂದರು. ನನ್ನ ಹಾಳೆ ನೋಡಿ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ನಕ್ಕರು. ಬಾಟಲಿಗಳು ಅದಲುಬದಲಾಗಿವೆ, ಇಷ್ಟೇ ವಿಷಯ ಎಂದರು. ಇಲ್ಲ, ನಾನೇ ಅಳೆದಿದ್ದೇನೆ ಎಂದು ಸಿಸ್ಟರ್ ಹೇಳಿದರು. ಇಬ್ಬರೂ ಬೆಳಗಿನಿಂದ ಹಸಿದು ಕೂತಿದ್ದೀರಿ, ಹೀಗಾಗುತ್ತದೆ ಎಂದು ಡಾಕ್ಟರು ಕೆಂಪು ಪೆನ್ಸಿಲಿನಿಂದ ಆ ಎರಡು ಸಾಲು ಹೊಡೆದುಹಾಕಿದರು. ಬೆಳಗಿನ ಅಳತೆಗಳೇ ಸಾಕು, ತೂಕವೂ ಸಾಕಷ್ಟು ಇಳಿದಿದೆ, ಇಂಜೆಕ್ಷನ್ ಕೊಡಿ ಎಂದರು. ನನಗೆ ವಾದಿಸಲು ನಾಲಿಗೆಯೇ ಇರಲಿಲ್ಲ.

ಸಿಸ್ಟರ್ ಇಂದುಬಾಯಿಯ ತೋಳಿಗೆ ಸೂಜಿ ಚುಚ್ಚಿದರು. ನಾನು ಗೋಡೆಯ ಗಡಿಯಾರ ನೋಡುತ್ತ ಕೂತೆ. ಒಂದೂ ಐವತ್ತರ ಹೊತ್ತಿಗೆ ನನ್ನ ನಾಲಿಗೆಯ ಕೆಳಗೆ ಜಿನುಗಿದಂತಾಯಿತು. ಎಂಜಲು. ಅದಕ್ಕೊಂದು ರುಚಿ ಇದೆಯೆಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ನೋಡನೋಡುತ್ತ ಆ ಒಳಗಿನ ಕೂಗು ಒಂದೊಂದೇ ಕಡೆಯಿಂದ ಅಡಗಿತು. ಉಳಿದದ್ದು ಸಾಮಾನ್ಯ ಬಾಯಾರಿಕೆ, ಉಪವಾಸ ಮಾಡಿದವರಿಗೆ ಆಗುವಂಥದು. ಚುಚ್ಚಿದ್ದು ಅವಳಿಗೆ. ಸೂಜಿ ನನ್ನ ಹತ್ತಿರವೂ ಸುಳಿದಿರಲಿಲ್ಲ.

ಎರಡೂವರೆಗೆ ಕೊನೆಯ ಅಳತೆ: ಅವಳದು 1021, ನನ್ನದು 1024. ಡಾಕ್ಟರಿಗೆ ಸಮಾಧಾನವಾಯಿತು. ಇಂಜೆಕ್ಷನ್ನಿನಿಂದ ಗಟ್ಟಿಯಾಗಿದೆ, ಮೂತ್ರಪಿಂಡ ಸರಿಯಾಗಿದೆ, ಹಾರ್ಮೋನೇ ಇಲ್ಲ ಎಂದು ಬರೆದರು. ಹೊರಗೆ ಕಾಯುತ್ತಿದ್ದ ಮಾರುತಿಯನ್ನು ಕರೆದು, ಇದು ದೆವ್ವವೂ ಅಲ್ಲ, ಹುಚ್ಚೂ ಅಲ್ಲ, ಕಾಯಿಲೆ ಎಂದು ನಾನೇ ಕನ್ನಡದಲ್ಲಿ ಹೇಳಿದೆ. ಅವನು ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡು, "ಇದನ್ನ ನಮ್ಮವ್ವಗ ಓದಿ ತೋರಸ್ತೀನ್ರಿ," ಎಂದ. ಸಿಸ್ಟರ್ ಎರಡು ಲೋಟ ನೀರು ತಂದರು. ಇಂದುಬಾಯಿ ಒಂದು ಲೋಟ ಕುಡಿದು ಕೆಳಗಿಟ್ಟಳು. ಇನ್ನೊಂದು ಬೇಕೇ ಎಂದರೆ ಬೇಡವೆಂದಳು.

ಮುಂಬಯಿಯಿಂದ ಔಷಧಿ ತರಿಸಿದೆವು. ಎಣ್ಣೆಯಲ್ಲಿ ಕಲೆಸಿದ ಇಂಜೆಕ್ಷನ್. ಎರಡು ಮೂರು ದಿನಕ್ಕೊಂದು. ಬೆಚ್ಚಗೆ ಮಾಡಿ ಚೆನ್ನಾಗಿ ಅಲ್ಲಾಡಿಸದಿದ್ದರೆ ಔಷಧಿ ತಳದಲ್ಲೇ ಉಳಿದು ಬರೀ ಎಣ್ಣೆ ಮೈಗೆ ಹೋಗುತ್ತದೆ. ಸಿಸ್ಟರ್ ಅವಳಿಗೆ ಅದನ್ನೆಲ್ಲ ಕಲಿಸಿದರು. ಅವಳು ಚಾಳಿಗೆ ಮರಳಿದಳು, ರಾತ್ರಿ ನಿದ್ದೆ ಮಾಡಿದಳು, ಮತ್ತೆ ಬೀಡಿ ಕಟ್ಟಿದಳು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಮುಂದಿನ ಎರಡು ತಿಂಗಳಲ್ಲಿ ನನ್ನ ಮೇಲೆ ನಾನೇ ಮೂರು ಸಲ ಅದೇ ಪರೀಕ್ಷೆ ಮಾಡಿಕೊಂಡೆ. ಮೂರು ಸಲವೂ ಎಲ್ಲರಂತೆ 1025ರ ಆಸುಪಾಸು ಬಂತು. ಡಾಕ್ಟರನ್ನು ಬಿಡದೆ ಕಾಡಿದೆ. ಓಕರಿಕೆಯಾದರೆ, ವಿಪರೀತ ಕಷ್ಟಕ್ಕೆ ಸಿಕ್ಕರೆ, ಪೆಟ್ಟು ತಿಂದ ಗ್ರಂಥಿಯಲ್ಲಿ ಉಳಿದಿದ್ದ ಚೂರು ಹಾರ್ಮೋನು ಒಮ್ಮೆಲೇ ಹೊರಬರುವುದುಂಟು ಎಂದು ಅವರು ಕೊನೆಗೆ ಒಪ್ಪಿಕೊಂಡರು. ಸರಿ, ಅದು ಅವಳ ಮಾತಾಯಿತು. ನನ್ನದು? ಅದಕ್ಕೆ ಅವರು, ಬಾಟಲಿಗಳು ಅದಲುಬದಲು ಎಂದೇ ಹೇಳುತ್ತ ಬಂದರು. ಬಾಟಲಿ ಬದಲಾಗಬಹುದು, ತಕ್ಕಡಿಯ ಮೇಲೆ ನಿಂತ ಮನುಷ್ಯ ಬದಲಾಗುತ್ತಾನೆಯೇ ಎಂದು ಒಮ್ಮೆ ಕೇಳಿದೆ. ಅವರು ಮುಂದಿನ ರೋಗಿಯನ್ನು ಕರೆದರು.

ನಾಲ್ಕು ವರ್ಷದ ಮೇಲೆ, ಒಂದು ಮಧ್ಯಾಹ್ನ, ಅಕ್ಕಲಕೋಟೆಯ ಬಸ್ ನಿಲ್ದಾಣದಲ್ಲಿ ಇಂದುಬಾಯಿ ಸಿಕ್ಕಳು. ಹನ್ನೂರಿನಿಂದ ಬಂದು ಸೊಲ್ಲಾಪುರದ ಗಾಡಿಗೆ ಕಾಯುತ್ತಿದ್ದಳು. ಮೈ ತುಂಬಿಕೊಂಡಿತ್ತು. ಮೊದಲು ನನಗೆ ಗುರುತೇ ಹತ್ತಲಿಲ್ಲ. ಕುಶಲ ವಿಚಾರಿಸಿದೆ. ಔಷಧಿ ಸಿಗುತ್ತದೆಯೇ ಎಂದು ಕೇಳಿದೆ. ಸಿಗುತ್ತದೆ ಎಂದಳು. ಆಮೇಲೆ ನೆಲ ನೋಡುತ್ತ ಹೇಳಿದಳು.

"ಅಣ್ಣಾ, ನಿಮಗೊಂದ ಹೇಳೂದದ. ಆವತ್ತ ನನಗ ನಿದ್ದಿ ಹತ್ತಿದ್ದು ಖರೇ. ಆದ್ರ ನಡುವ ಎಚ್ಚರ ಆತು. ನಿಮ್ಮ ಮಾರಿ ನೋಡಿದೆ. ನಿಮ್ಮ ತುಟಿ, ನಿಮ್ಮ ಕಣ್ಣ, ಆ ಬಾಟ್ಲಿ ಮ್ಯಾಲ ನೀವು ಕೈ ಇಟ್ಟಿದ್ದು. ನಂದು ನಿಮ್ಮ ಕಡೆ ಹೋಗ್ಯಾದ ಅಂತ ನನಗ ಗೊತ್ತಾತು."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಸಿಸ್ಟರಗ ಹೇಳಬೇಕಿತ್ತು. ಡಾಕ್ಟರಗಾರೆ ಹೇಳಬೇಕಿತ್ತು. ಬಾಯಿ ಬಿಡಲಿಲ್ರಿ. ಎಂಟ ತಿಂಗಳ ಮ್ಯಾಲ ಜೀವ ಥಂಡಗ ಆಗಿತ್ತು. ಹೇಳಿದ್ರ ತಿರುಗಿ ನನ್ನ ಕಡೆ ಬರ್ತದೋ ಏನೋ ಅಂತ ಕಣ್ಣ ಮುಚ್ಚಿ ಮಲಗಿದಂಗ ಮಾಡಿದೆ. ಇರ್ಲಿ, ಅವರ ಕಡೇನ ಇರ್ಲಿ ಅಂದ್ಕೊಂಡೆ. ಮಾಫ ಮಾಡ್ರಿ ನನಗ."

ಅಷ್ಟರಲ್ಲಿ ಗಾಡಿ ಬಂತು. ಅವಳು ಚೀಲ ಎತ್ತಿಕೊಂಡು ಎದ್ದಳು, ಹತ್ತುವ ಮೊದಲು ನನ್ನ ಮಾತಿಗಾಗಿ ಒಂದು ಗಳಿಗೆ ನಿಂತಳು. ಹೋಗಿ ಬಾ ತಂಗಿ ಎಂದಷ್ಟೇ ಅನ್ನಲು ನನ್ನಿಂದಾಯಿತು. ಕ್ಷಮಿಸಿದ್ದೇನೆ ಎಂದುಬಿಟ್ಟಿದ್ದರೆ, ಅವಳ ನೀರಡಿಕೆ ನನ್ನೊಳಗೆ ಬಂದಿತ್ತೆಂದು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಕ್ಷಮಿಸುವಂಥದ್ದು ಏನೂ ನಡೆದಿಲ್ಲ ಎನ್ನೋಣವೆಂದರೆ, ಅದು ಸುಳ್ಳೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಎರಡರಲ್ಲಿ ಯಾವುದನ್ನು ಹೇಳಬೇಕಿತ್ತೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.